ಹನ್ನೊಂದನೇ ಬೆಡ್ಡಿನ ಮಗು

ಜನವರಿ ೧೨

ಮಾತು ಬಿಟ್ಟ ಮಗಳಿಗೆ,

ನಿನ್ನೆ ಸಂಜೆ ಫೋನು ಮಾಡಿದೆನಲ್ಲ, ನೀನು ಎತ್ತಿಕೊಂಡು ಸುಮ್ಮನೆ ಉಸಿರಾಡುತ್ತಿದ್ದೆ. ನಾನೊಬ್ಬಳೇ ಮಾತಾಡಿ ಮಾತಾಡಿ ಕೊನೆಗೆ "ಕೇಳಿಸ್ತಿದೆಯಾ?" ಎಂದರೆ ಉಗುರಿನಿಂದ ಟಕ್ ಟಕ್ ಎಂದು ಕುಟ್ಟಿದೆ. ಗಂಟಲಿನ ಆಪರೇಷನ್ ಆಗುವವರೆಗೆ ಮಾತು ಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಒಪ್ಪಿದೆ. ಆದರೆ ಆ ಟಕ್ ಟಕ್ ನನ್ನ ಕೈಲಾಗದು. ಇನ್ನು ಮೇಲೆ ಕಾಗದ ಬರೆಯೋಣ. ಮೆಸೇಜು ಬೇಡ, ದಿನವಿಡೀ ಸ್ಕ್ರೀನು ನೋಡಿ ನನ್ನ ಕಣ್ಣು ಕೆಂಡವಾಗಿರುತ್ತದೆ.

ಇಲ್ಲಿ ಟ್ರೇನಿಂಗಿನ ಕಟ್ಟಡದ ಗೇಟಿನಲ್ಲೇ ಫೋನು ಕಿತ್ತುಕೊಂಡು ತಂತಿ ಬುಟ್ಟಿಗೆ ಹಾಕುತ್ತಾರೆ. ರೋಗಿಗಳ ವಿವರ ಹೊರಗೆ ಹೋಗಬಾರದಂತೆ. ನಮ್ಮ ಕೋಣೆಗೆ ಕಿಟಕಿಯಿಲ್ಲ. ನಮ್ಮೂರಿನದೂ ಸೇರಿ ಎಲ್ಲ ಆಸ್ಪತ್ರೆಗಳಿಗೂ ಒಂದೇ ಹೊಸ ಸಿಸ್ಟಮ್ ಬರುತ್ತಿದೆ. ನಮ್ಮ ಹಳೆಯದನ್ನು ಬರೆದವರಲ್ಲಿ ಇನ್ನೂ ಕೆಲಸದಲ್ಲಿರುವವಳು ನಾನೊಬ್ಬಳೇ. ಹೊಸದನ್ನು ಕಲಿತರೆ ಕುರ್ಚಿ ಉಂಟು, ಇಲ್ಲವಾದರೆ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸುತ್ತಾರೆ.

ಕಲಿಸುವವನು ನಿನಗಿಂತ ಚಿಕ್ಕವನು. ಮರಿಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಮೊದಲ ದಿನವೇ "ಮೇಡಂ, ಗೊತ್ತಿರೋದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬನ್ನಿ" ಎಂದ. "ಚಪ್ಪಲೀನೂ ಬಿಡಬೇಕೇನಪ್ಪಾ?" ಎಂದೆ. ಎಲ್ಲರೂ ನಕ್ಕರು, ಅವನು ನಗಲಿಲ್ಲ.

ಹೊಸ ಭಾಷೆ ಕಲಿಯುವಾಗ ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಮೊಟ್ಟಮೊದಲು ನಿನ್ನನ್ನು ಆಸ್ಪತ್ರೆಗೆ ಸೇರಿಸುತ್ತೇನೆ. ನಿನ್ನ ಹೆಸರು, ನಮ್ಮ ಮನೆ ವಿಳಾಸ, ವಯಸ್ಸು ನಾಲ್ಕು, ಮಕ್ಕಳ ವಾರ್ಡು, ಬೆಡ್ ಹನ್ನೊಂದು. ನಿನಗೆ ನಾಲ್ಕು ವರ್ಷವಿದ್ದಾಗ ನೀನು ಮೇಲೆ ಜ್ವರದಲ್ಲಿ ಮಲಗಿದ್ದೆ, ನಾನು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಮೊದಲ ಸಿಸ್ಟಮ್ ಬರೆಯುತ್ತಿದ್ದೆ. ಪರೀಕ್ಷಿಸಲು ಒಬ್ಬ ಸುಳ್ಳು ರೋಗಿ ಬೇಕಾಗಿತ್ತು. ಬೆರಳಿಗೆ ಬಂದದ್ದು ನಿನ್ನ ಹೆಸರು. ಆಮೇಲೆ ಎಷ್ಟು ಸಲ ಸಿಸ್ಟಮ್ ಬದಲಾದರೂ ಮೊದಲು ಒಳಗೆ ಹೋಗುವವಳು ಆ ಮಗುವೇ. ಅವಳು ಹೋಗಿ ಮಲಗಿದಳೆಂದರೆ ನನಗೆ ಆ ಭಾಷೆ ಬಂತೆಂದೇ ಲೆಕ್ಕ. ಇವತ್ತು ಮಧ್ಯಾಹ್ನ ಹೊಸ ಸಿಸ್ಟಮಿಗೂ ಅವಳನ್ನು ಸೇರಿಸಿದೆ. ಒಂದೇ ಏಟಿಗೆ ಒಳಗೆ ಹೋದಳು!

ಚಿಕ್ಕಮ್ಮ ಬಂದು ಹೋಗುತ್ತಾಳಾ? ಪಿಸುಮಾತೂ ಆಡಬೇಡ. ಅದು ಇನ್ನೂ ಕೆಟ್ಟದ್ದಂತೆ.

ನಿನ್ನ ಅಮ್ಮ

&nbsp;

ಜನವರಿ ೨೨

ಅಮ್ಮಾ,

ಚಿಕ್ಕಮ್ಮ ದಿನವೂ ಬರುತ್ತಾಳೆ, ನನ್ನ ಪಾಲಿನ ಮಾತನ್ನೂ ಸೇರಿಸಿ ಆಡಿ ಹೋಗುತ್ತಾಳೆ. ಅವಳನ್ನು ಅಡುಗೆಮನೆಯಿಂದ ಕರೆಯಬೇಕಾದರೆ ಸೀಟಿ ಊದುತ್ತೇನೆ. "ನಾನೇನು ನಿನ್ನ ಕೊಳದ ಹುಡುಗೀನಾ?" ಎಂದು ಬೈಯುತ್ತಲೇ ಓಡಿ ಬರುತ್ತಾಳೆ.

ಈಜು ಕಲಿಸುವ ಕೊಳದಲ್ಲೂ ಈಗ ಕೊರಳಿಗೆ ಸೀಟಿ, ಕೈಗೆ ಸ್ಲೇಟು. ಇಷ್ಟು ವರ್ಷ "ಕಾಲು! ಕಾಲು ಹೊಡಿ!" ಎಂದು ಅರಚಿ ಅರಚಿ ತಾನೆ ಗಂಟಲಲ್ಲಿ ಗಂಟು ಕಟ್ಟಿಸಿಕೊಂಡಿದ್ದು? ಈಗ ಸ್ಲೇಟಿನ ಮೇಲೆ "ಕಾಲು" ಎಂದು ಬರೆದು ಎತ್ತಿ ತೋರಿಸುವಷ್ಟರಲ್ಲಿ ಮಕ್ಕಳು ಆಚೆ ದಡ ಸೇರಿರುತ್ತಾರೆ. ಮಕ್ಕಳ ಗೋಳು ಪರವಾಗಿಲ್ಲ. ದೊಡ್ಡವರ ತರಗತಿಗೆ ಮೀಸೆಯ ಲಾಯರೊಬ್ಬರು ಸೇರಿದ್ದಾರೆ. ಚಿಕ್ಕಂದಿನಲ್ಲೇ ಹೇಗೋ ನೀರು ಬಡಿದು ತೇಲುವುದನ್ನು ಕಲಿತವರು. ಸರಿಯಾದ ಕೈ ಕಲಿಸಲು ಹೋದರೆ ಮೀನು ಹಿಡಿಯುವವರ ಹಾಗೆ ಆಡುತ್ತಾರೆ. ಏನೂ ಬಾರದವರಿಗೆ ಕಲಿಸುವುದು ಎಷ್ಟೋ ಸುಲಭ.

ಇನ್ನೊಂದು ವಿಷಯ. ಕೆಲವು ದಿನಗಳಿಂದ ಬೆಳಿಗ್ಗೆ ಆಸ್ಪತ್ರೆಯಿಂದ ನನ್ನ ಫೋನಿಗೆ ಮೆಸೇಜು ಬರುತ್ತಿದೆ. "ನಿನ್ನೆ ನಿಮ್ಮ ಮಗುವನ್ನು ನೋಡಲು ಯಾರೂ ಬಂದಿರಲಿಲ್ಲ. ಭೇಟಿಯ ವೇಳೆ ನಾಲ್ಕರಿಂದ ಆರು." ಚಿಕ್ಕಮ್ಮನಿಗೆ ತೋರಿಸಿದೆ. "ನಮಗ್ಯಾರಿಗೂ ಹೇಳದೆ ಯಾವಾಗ ಹೆತ್ತೆಯೇ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ದನಿಯಿಲ್ಲದೆ ನಕ್ಕರೆ ಹೇಗಿರುತ್ತದೆ ಎಂದು ಕನ್ನಡಿ ನೋಡಿದೆ, ನೋಡಬಾರದಿತ್ತು.

ಬೊಗಸೆ

&nbsp;

ಜನವರಿ ೩೦

ಬೊಗಸೆ,

ಗಾಬರಿಯಾಗಬೇಡ. ನಮ್ಮ ಆಸ್ಪತ್ರೆಯಲ್ಲಿ ಹೊಸ ಸಿಸ್ಟಮನ್ನು ಪ್ರಯೋಗಕ್ಕೆ ಓಡಿಸುತ್ತಿದ್ದಾರೆ. ಹಳೆಯ ಡೇಟಾ ಎಲ್ಲ ಅದರೊಳಗೆ ಹರಿದು ಬಂದಿದೆ, ಜೊತೆಗೆ ನಮ್ಮ ಸುಳ್ಳು ಮಗುವೂ. ಅಂಥ ಮೆಸೇಜುಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಯಾವ ಮಗುವಿಗೆ ಭೇಟಿಗಾರರಿಲ್ಲವೋ ಅದರ ಮನೆಗೆ ತಾನಾಗಿ ಹೋಗುತ್ತದೆ. ಅದಕ್ಕೆ ನಿನ್ನ ನಂಬರು ಹೇಗೆ ಸಿಕ್ಕಿತು ಎನ್ನುವುದಷ್ಟೇ ನನಗೆ ಬಗೆಹರಿದಿಲ್ಲ. ನಾನು ಕೊಟ್ಟಿದ್ದು ಹಳೆಯ ಮನೆ ಫೋನು, ಅದು ಸತ್ತು ಎಷ್ಟೋ ವರ್ಷವಾಯಿತು.

ಆ ಮಗು ಅಲ್ಲಿ ಎಲ್ಲರಿಗೂ ಪರಿಚಯ. ಹಳೆಯ ಸಿಸ್ಟಮ್ ದಿನವೂ ಅವಳ ಹೆಸರಿಗೆ ಒಂದು ಲೋಟ ಹಾಲಿನ ಚೀಟಿ ಮುದ್ರಿಸುತ್ತಿತ್ತು. ಅಡುಗೆಯವರಿಗೆ ಚೀಟಿ ಬಂದರೆ ಮುಗಿಯಿತು, ಹಾಲು ವಾರ್ಡಿನ ಮೇಜಿಗೆ ಹೋಗುತ್ತದೆ. ನಾನು ಸರಿಪಡಿಸಲು ಹೊರಟರೆ ದೊಡ್ಡ ನರ್ಸಮ್ಮ ತಡೆದಿದ್ದರು. "ಇರಲಿ ಬಿಡಿ, ಲೋಟ ದಿನಾ ಖಾಲಿಯಾಗೇ ಕೆಳಗೆ ಹೋಗುತ್ತೆ" ಎಂದಿದ್ದರು. ಯಾರು ಕುಡಿಯುವುದು ಎಂದರೆ ಒಬ್ಬೊಬ್ಬಳೂ "ನಾನಂತೂ ಅಲ್ಲಪ್ಪ" ಎನ್ನುತ್ತಾಳೆ. ಸುಳ್ಳಿಯರು.

ನೋಡಲು ಹೋಗೋಣವೆಂದರೂ ಅಲ್ಲೇನಿದೆ? ಮಕ್ಕಳ ವಾರ್ಡು ಹತ್ತಕ್ಕೇ ಮುಗಿಯುತ್ತದೆ. ನಿಜವಾದ ಯಾವ ಮಗುವಿಗೂ ತೊಂದರೆಯಾಗದಿರಲಿ ಎಂದೇ ಇಲ್ಲದ ಹನ್ನೊಂದನ್ನು ಹಾಕಿದ್ದೆ. ನೀನು ಮಲಗಿದ್ದದ್ದು ಏಳರಲ್ಲಿ.

ಪಾಠ ಸಾಗುತ್ತಿದೆ. ಪದಗಳು ಹೊಸವು, ಒಳಗಿನ ಹೂರಣ ಹಳೆಯದೇ ಎಂದು ನನಗನ್ನಿಸುತ್ತದೆ. "ಮೇಡಂ ಬೇಗ ಕಲೀತಾರೆ, ಆದರೆ ಕಲಿತಿದ್ದನ್ನೆಲ್ಲ ಹಳೇ ಡಬ್ಬಕ್ಕೇ ತುಂಬ್ತಾರೆ" ಎಂದು ಮರಿಮೇಷ್ಟ್ರು ಯಾರಿಗೋ ಹೇಳುತ್ತಿದ್ದನಂತೆ. ಹೇಳಿಕೊಳ್ಳಲಿ. ಇಂಥ ಎಷ್ಟೋ ಕೆರೆಗಳ ನೀರು ಕುಡಿದವಳು ನಾನು.

ಅಮ್ಮ

&nbsp;

ಫೆಬ್ರವರಿ ೧೩

ಅಮ್ಮಾ,

ಹನ್ನೊಂದನೇ ಬೆಡ್ಡು ಇದೆ.

ಇವತ್ತು ಆಪರೇಷನ್ನಿಗೆ ಮುಂಚಿನ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದೆ. ರಕ್ತ ಕೊಟ್ಟು ಕಾಯುತ್ತಿದ್ದಾಗ ಮೇಲೆ ಹೋಗಿ ನೋಡಿಯೇ ಬಿಡೋಣ ಎನ್ನಿಸಿತು. ಹತ್ತರ ಪಕ್ಕದಲ್ಲಿ, ಗೋಡೆಗೂ ಕಿಟಕಿಗೂ ನಡುವೆ ಒಂದು ಮಂಚ. ಬಿಳಿ ಹೊದಿಕೆ ಹಾಸಿದೆ, ಕಂಬಿಗೆ ೧೧ ಎಂದು ತಗಡು ಹೊಡೆದಿದ್ದಾರೆ, ಪಕ್ಕದ ಸ್ಟೂಲಿನ ಮೇಲೆ ಖಾಲಿ ಲೋಟ. ಸ್ಲೇಟಿನಲ್ಲಿ ಬರೆದು ದೊಡ್ಡ ನರ್ಸಮ್ಮನನ್ನು ಕೇಳಿದೆ. "ಹೊಸ ಸಿಸ್ಟಮ್ ಬಂದಾಗಿನಿಂದ, ರೋಗಿ ಇದಾಳೆ ಬೆಡ್ ಇಲ್ಲ ಅಂತ ದಿನಾ ಕೂಗ್ತಿತ್ತಮ್ಮ. ಸಾಕಾಗಿ ಒಂದು ಮಂಚ ತಂದು ಹಾಕಿದ್ವಿ. ಸುಮ್ಮನಾಯ್ತು" ಎಂದರು.

ಹತ್ತನೇ ಬೆಡ್ಡಿನಲ್ಲಿ ಕಾಲು ಮುರಿದುಕೊಂಡ ಮೊಮ್ಮಗಳನ್ನು ನೋಡಿಕೊಳ್ಳುತ್ತ ಒಬ್ಬ ಅಜ್ಜಿ ಕೂತಿದ್ದರು. ಕಣ್ಣಿಗೆ ಪೊರೆ. ನಾನು ಆ ಮಂಚದ ಹತ್ತಿರ ನಿಂತಿದ್ದನ್ನು ಕಂಡು "ನಿಮ್ಮ ಮಗೂನಾ? ತುಂಬ ಒಳ್ಳೇದಮ್ಮ. ಒಂದು ದಿನಾನೂ ಹಟ ಮಾಡಿಲ್ಲ" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೆಳಗೆ ಬಂದರೆ ಇನ್ನೊಂದು. ಚಿಕ್ಕ ನರ್ಸು ಇಂಜೆಕ್ಷನ್ ತುಂಬಿಸಿಕೊಂಡು ತೋಳು ಹಿಡಿದಳು. ಸೀಸೆಯ ಮೇಲಿನ ಹೆಸರು ನೋಡಿದೆ. ಅದೇ ಔಷಧಿ, ಅಮ್ಮಾ. ಹನ್ನೆರಡನೇ ವಯಸ್ಸಿನಲ್ಲಿ ಒಂದೇ ಸೂಜಿಗೆ ನಾಲಿಗೆ ಊದಿ ಉಸಿರು ನಿಂತಿತ್ತಲ್ಲ, ಅದೇ. ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಸ್ಲೇಟು ಹೊರಗೆ ಬೆಂಚಿನ ಮೇಲಿತ್ತು. ಕೊನೆಗೆ ಅವಳ ಸೂಜಿಗಳ ತಟ್ಟೆಯನ್ನೇ ಎತ್ತಿ ನೆಲಕ್ಕೆ ಹೊಡೆದೆ. ಅವಳು ಅಳುತ್ತ ಸ್ಕ್ರೀನು ತಿರುಗಿಸಿ ತೋರಿಸಿದಳು. ನನ್ನ ಹೆಸರಿನ ಕೆಳಗೆ "ಒಗ್ಗದ ಔಷಧಿ: ಯಾವುದೂ ಇಲ್ಲ" ಎಂದಿತ್ತು. ಅದರ ಕೆಳಗೆ "ವಯಸ್ಸು: ನಾಲ್ಕು."

ನನಗೆ ಹೆದರಿಕೆಯಾಗಿದೆ.

ಬೊಗಸೆ

&nbsp;

ಫೆಬ್ರವರಿ ೨೦

ನನ್ನ ಬಂಗಾರವೇ,

ಕಾಗದವನ್ನು ನಿಂತಲ್ಲೇ ಓದಿದೆ. ಆಗಲೇ ದೊಡ್ಡ ನರ್ಸಮ್ಮನಿಗೆ ಫೋನು ಮಾಡಿ ನಿನ್ನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ. ಆದರೆ ಈಗ ಫೈಲು ಯಾರು ನೋಡುತ್ತಾರೆ, ಎಲ್ಲರ ಕಣ್ಣೂ ಸ್ಕ್ರೀನಿನ ಮೇಲೆ.

ಆದದ್ದು ಇಷ್ಟು. ಒಂದೇ ಹೆಸರು, ಒಂದೇ ತಾಯಿ, ಒಂದೇ ಮನೆ. ಹೊಸ ಸಿಸ್ಟಮ್ ನಿಮ್ಮಿಬ್ಬರನ್ನೂ ಒಬ್ಬಳೇ ಎಂದು ತಿಳಿದು ಬೆಸೆದುಬಿಟ್ಟಿದೆ. ನಿನ್ನ ನಂಬರು ಅದಕ್ಕೆ ಸಿಕ್ಕಿದ್ದೂ ಹಾಗೆಯೇ. ಎರಡರಲ್ಲಿ ಯಾವುದು ನಿಜ ಎಂದು ಅನುಮಾನ ಬಂದರೆ ಮೊದಲು ಬರೆದದ್ದನ್ನು ನಂಬುತ್ತದೆ. ಮೊದಲು ಬರೆದದ್ದು ನಾನು, ನೆಲಮಾಳಿಗೆಯಲ್ಲಿ.

ಇಷ್ಟು ವರ್ಷ ಅವಳನ್ನೇಕೆ ಒಳಗೇ ಬಿಟ್ಟೆ ಎಂದು ನೀನು ಕೇಳಬಹುದು. ನಾನು ಬರೆದ ಮೊದಲ ಸಿಸ್ಟಮಿಗೆ ಹೊರಬಾಗಿಲು ಒಂದೇ ಇತ್ತು. ಆಸ್ಪತ್ರೆಯವರು ಮೊದಲು ಸಾವಿನ ಲೆಕ್ಕ ಬೇಕು ಎಂದರು, ಅದನ್ನು ಮೊದಲು ಬರೆದೆ. ಗುಣವಾಗಿ ಮನೆಗೆ ಹೋದವರನ್ನು ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ನೀನು ನಡೆದುಕೊಂಡು ಮನೆಗೆ ಬಂದೆ. ಅವಳನ್ನು ಹೊರಗೆ ಕಳಿಸಲು ನನಗಿದ್ದದ್ದು "ಮರಣ" ಎಂಬ ಆ ಒಂದು ಗುಂಡಿ. ನಿನ್ನ ಹೆಸರಿನ ಮುಂದೆ ಅದನ್ನು ಒತ್ತಲು ನನ್ನ ಬೆರಳು ಏಳಲಿಲ್ಲ. ಆಮೇಲೆ ಮನೆಗೆ ಹೋಗುವ ಬಾಗಿಲನ್ನೂ ಬರೆದೆ, ಸಾವಿರಾರು ಜನ ಅದರಲ್ಲಿ ಹಾದುಹೋದರು. ಅಷ್ಟರಲ್ಲಿ ಅವಳು ಅಲ್ಲಿರುವುದೇ ನನಗೊಂದು ಧೈರ್ಯವಾಗಿಬಿಟ್ಟಿತ್ತು. ಅಲ್ಲಿದ್ದಾಳೆ ಎಂದರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು.

ಈಗ ಅದೆಲ್ಲ ಸಾಕು. ಇವತ್ತು ಮಧ್ಯಾಹ್ನ ಅವಳ ದಾಖಲೆಯ ಸಾಲನ್ನು ಬೇರುಸಹಿತ ಕಿತ್ತು ಹಾಕಿದ್ದೇನೆ. ಇನ್ನು ನೀನೊಬ್ಬಳೇ.

ಅಮ್ಮ

&nbsp;

ಫೆಬ್ರವರಿ ೨೭

ಅಮ್ಮಾ,

ನೀನು ಅವಳನ್ನು ಕಿತ್ತುಹಾಕಿದ ಸಂಜೆ ನನ್ನ ಫೋನಿಗೆ ಬಂದ ಮೆಸೇಜನ್ನು ಹಾಗೇ ಬರೆಯುತ್ತೇನೆ. "ನಿಮ್ಮ ಮಗುವಿನ ಅಗಲಿಕೆಗೆ ಆಸ್ಪತ್ರೆಯ ಸಿಬ್ಬಂದಿ ಮರುಗುತ್ತದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು." ಕೆಳಗೆ ನನ್ನ ಹೆಸರು.

ಮರುದಿನ ಮಾತ್ರೆಗೆಂದು ಆಸ್ಪತ್ರೆಯ ಔಷಧಿ ಕೌಂಟರಿಗೆ ಹೋದೆ. ಅವನು ಸ್ಕ್ರೀನು ನೋಡಿ, ನನ್ನ ಮುಖ ನೋಡಿ "ಇವರು ತೀರಿಕೊಂಡಿದ್ದಾರಲ್ಲ, ನೀವು ಏನಾಗಬೇಕು?" ಎಂದ. ನಾನೇ ಎಂದು ಎದೆ ಮುಟ್ಟಿ ತೋರಿಸಿದೆ. ಪಾಪ, ಅವನು "ಸಮಾಧಾನ ಮಾಡ್ಕೊಳ್ಳಿ" ಎಂದ.

ಅದರ ಮಾರನೇ ಬೆಳಿಗ್ಗೆ ಮತ್ತೆ ಬಂತು: "ನಿನ್ನೆ ನಿಮ್ಮ ಮಗುವನ್ನು ನೋಡಲು ಯಾರೂ ಬಂದಿರಲಿಲ್ಲ." ಅಮ್ಮಾ, ಅದನ್ನು ಓದಿ ನನಗೆ ನೆಮ್ಮದಿಯಾಯಿತು. ನನಗೇ ಹೀಗಾದರೆ ಆ ಗುಂಡಿಯ ಮುಂದೆ ನಿನಗೆ ಹೇಗಾಗಿರಬೇಡ.

ಆಪರೇಷನ್ ಮಾರ್ಚ್ ೨೬ಕ್ಕೆ ಗೊತ್ತಾಗಿದೆ. ಇನ್ನೂ ಮುಂದಕ್ಕೆ ಹಾಕಿದರೆ ದನಿ ಮರಳಿ ಬರುತ್ತದೆ ಎನ್ನಲಾಗದು ಎಂದರು ಡಾಕ್ಟರು. ಅರಿವಳಿಕೆ ಕೊಟ್ಟ ಮೇಲೆ ನಾನು ತಟ್ಟೆ ಎತ್ತಿ ಹೊಡೆಯಲಾಗುವುದಿಲ್ಲ.

ಬೊಗಸೆ

&nbsp;

ಮಾರ್ಚ್ ೬

ಬೊಗಸೆ,

ಎಷ್ಟು ಸಲ ಅಳಿಸಿದೆನೋ ಲೆಕ್ಕವಿಲ್ಲ. ಸಂಜೆ ಹೋಗುತ್ತಾಳೆ, ಬೆಳಿಗ್ಗೆ ಬಂದಿರುತ್ತಾಳೆ. ನಿನ್ನ ವಯಸ್ಸು ಸರಿಪಡಿಸಿ ಒಗ್ಗದ ಔಷಧಿ ಬರೆಯುತ್ತೇನೆ, ಬೆಳಿಗ್ಗೆ ಮತ್ತೆ ನಾಲ್ಕು, ಮತ್ತೆ "ಯಾವುದೂ ಇಲ್ಲ."

ಇವತ್ತು ತರಗತಿಯಲ್ಲೇ ಮರಿಮೇಷ್ಟ್ರ ಮೇಲೆ ಕೂಗಾಡಿದೆ. ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತ. "ಮೊದಲ ವಾರವೇ ಹೇಳಿದ್ದೆ ಮೇಡಂ. ಇದರಲ್ಲಿ ಏನನ್ನೂ ಅಳಿಸೋಕಾಗಲ್ಲ. ಆಗಿದ್ದು ಆಗಿದ್ದೇ. ಮುಂದೇನಾಯ್ತು ಅಂತ ಬರೀಬಹುದು, ಅಷ್ಟೇ" ಎಂದ.

ಇದು ಹಳೆಯ ಸಿಸ್ಟಮಿನ ಹಾಗೆ ಈಗ ಯಾರೆಲ್ಲ ಇದ್ದಾರೆ ಎಂಬ ಪಟ್ಟಿಯನ್ನು ಇಟ್ಟುಕೊಳ್ಳುವುದಿಲ್ಲ. ನಡೆದದ್ದನ್ನೆಲ್ಲ ಒಂದರ ಹಿಂದೊಂದು ಪೋಣಿಸಿಟ್ಟುಕೊಂಡು ಪ್ರತಿ ಬೆಳಿಗ್ಗೆ ಮೊದಲಿನಿಂದ ಓದಿ ಇವತ್ತಿನ ಚಿತ್ರ ಕಟ್ಟಿಕೊಳ್ಳುತ್ತದೆ. ನಾನು ಇವತ್ತಿನ ಚಿತ್ರವನ್ನು ಒರೆಸುತ್ತಿದ್ದೆ. ಇದ್ದವಳು ಇದ್ದಕ್ಕಿದ್ದಂತೆ ಇಲ್ಲ ಎಂದರೆ ಅದು ಸತ್ತಳು ಎಂದುಕೊಳ್ಳುತ್ತದೆ. ಬೆಳಿಗ್ಗೆ ಮೊದಲಿನಿಂದ ಓದಿದಾಗ ಮತ್ತೆ ಸಿಗುತ್ತಾಳೆ. ಆ ಸರಪಳಿಯ ಮೊಟ್ಟಮೊದಲ ಕೊಂಡಿ ಅವಳೇ. ದಿನ ಬೆಳಗಾದರೆ ನಾಲ್ಕು ವರ್ಷದ ಮಗು ಜ್ವರದಿಂದ ಸುಡುತ್ತ ಮತ್ತೆ ಆಸ್ಪತ್ರೆಗೆ ಸೇರುತ್ತಿದೆ, ಬೊಗಸೆ. ಇವತ್ತೂ ಸೇರಿತು.

"ಹಾಗಾದ್ರೆ ನೀನೇ ಬರೆದುಕೊಡಪ್ಪಾ" ಎಂದು ಕೇಳಿದೆ. ಅವನು ಪ್ರಯತ್ನಪಟ್ಟ. ಆದರೆ ಅವಳ ಹಳೆಯ ದಾಖಲೆಗಳು ನಾನು ಬರೆದ ಹಳೆಯ ಭಾಷೆಯಲ್ಲಿವೆ, ಅವನಿಗೆ ತಲೆಬುಡ ತಿಳಿಯುವುದಿಲ್ಲ. ಎರಡೂ ಗೊತ್ತಿದ್ದವರು ಬರೆಯಬೇಕಂತೆ. ಹಳೆಯದು ಮಾತ್ರ ಗೊತ್ತಿರುವವಳು ನಾನು, ಹೊಸದು ಮಾತ್ರ ಗೊತ್ತಿರುವವನು ಅವನು. ಬ್ಯಾಗು ತುಂಬಿಸಿಕೊಂಡು ಹೊರಟುಬಿಡೋಣ ಎನ್ನಿಸುತ್ತಿದೆ. ನಿನ್ನ ಪಕ್ಕದಲ್ಲಾದರೂ ಇರುತ್ತೇನೆ.

ಅಮ್ಮ

&nbsp;

ಮಾರ್ಚ್ ೧೦

ಅಮ್ಮಾ,

ಬರಬೇಡ. ನೀನು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರೆ ಸ್ಕ್ರೀನಿನಲ್ಲಿ ನನ್ನ ವಯಸ್ಸು ಬದಲಾಗುವುದಿಲ್ಲ.

ಮೀಸೆಯ ಲಾಯರ ಕತೆ ಕೇಳು. ದಡದ ಹತ್ತಿರ ಹೊಸ ಕೈ ಚೆನ್ನಾಗಿಯೇ ಹಾಕುತ್ತಿದ್ದರು. ನಿನ್ನೆ ಆಳಕ್ಕೆ ಕರೆದುಕೊಂಡು ಹೋದೆ. ಒಂದು ಗುಟುಕು ನೀರು ಮೂಗಿಗೆ ಹೋಗಿದ್ದೇ ತಡ, ಹೊಸದೆಲ್ಲ ಮರೆತು ಹಳೆಯ ಕೈ ಬಡಿಯಲು ಶುರು. ಬಡಿದಷ್ಟೂ ಮುಳುಗುತ್ತಿದ್ದರು. ಹೆದರಿದಾಗ ಎಲ್ಲರಿಗೂ ಹಳೆಯ ಕೈಯೇ ಬರುವುದು. ಅವರ ಬೆನ್ನ ಕೆಳಗೆ ಅಂಗೈ ಇಟ್ಟು ಸುಮ್ಮನೆ ಮಲಗಿಸಿದೆ. ಏನೂ ಮಾಡದೆ ನೀರಿನ ಮೇಲೆ ಬಿದ್ದಿರುವುದು ಅವರಿಗೆ ಎಷ್ಟು ಕಷ್ಟವಾಯಿತು ಗೊತ್ತಾ? ಒಂದು ಕೈ ಬಿಟ್ಟು ಇನ್ನೊಂದು ಹಿಡಿಯುವ ಮುಂಚೆ ಒಂದು ಗಳಿಗೆ ಯಾವುದೂ ಬಾರದವರಾಗಿರಬೇಕು. ಅದನ್ನು ದಾಟಿದ ಮೇಲೆ ಈಜಿದರು.

ಬೈಯಬೇಡ, ಮಾತಾಡಲು ಬಾರದವಳಿಗೆ ಬರೆಯುವ ಧೈರ್ಯ ಜಾಸ್ತಿ. ನೀನು ಎಷ್ಟೋ ಭಾಷೆ ಕಲಿತೆ. ಪ್ರತಿಯೊಂದರಲ್ಲೂ ಮೊದಲು ಮಾಡಿದ ಕೆಲಸ ಒಂದೇ, ನನ್ನನ್ನು ಹಾಸಿಗೆಗೆ ಹಾಕಿದ್ದು. ಒಂದು ಭಾಷೆಯಲ್ಲಾದರೂ ನನ್ನನ್ನು ಮನೆಗೆ ಕರೆದುಕೊಂಡು ಬಂದಿದ್ದೀಯಾ?

ಅವಳನ್ನು ಅಳಿಸಬೇಡ. ನಿನ್ನ ಮರಿಮೇಷ್ಟ್ರು ಹೇಳಿದ್ದಾರಲ್ಲ, ಮುಂದೇನಾಯಿತು ಎಂದು ಬರಿ.

ಬೊಗಸೆ

&nbsp;

ಮಾರ್ಚ್ ೧೮

ಬೊಗಸೆ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಆಮೇಲೆ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಹೋಗಿ ಮರಿಮೇಷ್ಟ್ರ ಮುಂದೆ ಮೊದಲ ಪಾಠದಿಂದ ಕೂತೆ. "ಏನೂ ಗೊತ್ತಿಲ್ಲ ಅಂತ ತಿಳ್ಕೊಂಡು ಹೇಳಪ್ಪಾ" ಎಂದೆ. ಚಪ್ಪಲಿ ಹೊರಗೇ ಬಿಟ್ಟಿದ್ದೆ. ಈ ಸಲ ಅವನು ನಕ್ಕ.

ಹಿಂದೆ ನಾನು ಹೊಸ ಪದ ಕಂಡ ಕೂಡಲೇ ಹಳೆಯದರಲ್ಲಿ ಇದಕ್ಕೇನೆನ್ನುತ್ತಿದ್ದೆ ಎಂದು ಹುಡುಕುತ್ತಿದ್ದೆ. ಅದನ್ನು ಬಿಟ್ಟೆ. ತಪ್ಪಾದಾಗ ಬರುವ ಕೆಂಪು ಸಾಲುಗಳನ್ನು ಬೈಗುಳವೆಂದು ಕಣ್ಣು ತಪ್ಪಿಸುತ್ತಿದ್ದೆ, ಈಗ ಪೂರ್ತಿ ಓದಿದೆ. ಅವು ದಾರಿ ಹೇಳುತ್ತಿದ್ದವು. ಚಿಕ್ಕ ಚಿಕ್ಕ ಸುಳ್ಳು ರೋಗಿಗಳನ್ನು ಮಾಡಿಕೊಂಡೆ, ನೆಗಡಿಯವರು, ಹಲ್ಲುನೋವಿನವರು. ಒಬ್ಬೊಬ್ಬರನ್ನೂ ಮನೆಗೆ ಕಳಿಸಿ ಕಳಿಸಿ ಕೈ ಪಳಗಿಸಿದೆ.

ಕೊನೆಗೆ ಅವಳ ಸರದಿ. ಹಳೆಯದರಲ್ಲಿ ವಯಸ್ಸು ಎಂದರೆ ಬರೀ ಒಂದು ಅಂಕಿ, ನಾಲ್ಕು ಎಂದು ಬರೆದರೆ ಎಂದೆಂದಿಗೂ ನಾಲ್ಕು. ಇದಕ್ಕೆ ಹುಟ್ಟಿದ ದಿನ ಬೇಕು. ನಿನ್ನ ದಿನ ಕೊಟ್ಟರೆ ನೀವಿಬ್ಬರೂ ಒಬ್ಬಳೇ ಆಗಿ ಉಳಿಯುತ್ತೀರಿ. ನಿನ್ನ ದಿನವನ್ನು ಅರ್ಧ ಬರೆದು ಒರೆಸಿದೆ. ಆಮೇಲೆ ಅವಳಿಗೆಂದೇ ಬೇರೆ ದಿನ ಕೊಟ್ಟೆ, ಇವತ್ತಿಗೆ ಸರಿಯಾಗಿ ನಾಲ್ಕು ವರ್ಷ ತುಂಬುವ ಹಾಗೆ. ನೆಲಮಾಳಿಗೆಯಲ್ಲಿ ಬರೆದ ಸಾಲಿಗೆ ದಿನಾಂಕವೇ ಇಲ್ಲ, ಅದಕ್ಕೇ ಸಿಸ್ಟಮ್ ತಕರಾರೆತ್ತಲಿಲ್ಲ. ಹುಟ್ಟಿದ ದಿನ ಬೇರೆಯಾದದ್ದೇ, ಬೆಸುಗೆ ಬಿಟ್ಟಿತು. ನೀನು ನೀನಾದೆ, ಅವಳು ಅವಳಾದಳು.

ಈಗ ಡಿಸ್ಚಾರ್ಜ್ ಒಂದು ಬಾಕಿ. ಅವಳು ಅಲ್ಲಿರುವವರೆಗೆ ಒಂದೇ ಹೆಸರು, ಒಂದೇ ಮನೆ. ಯಾವ ಬೆಳಿಗ್ಗೆ ಮತ್ತೆ ಬೆಸೆದುಕೊಳ್ಳುತ್ತೀರೋ ಹೇಳಲಾಗದು. ಮಗುವನ್ನು ಒಂಟಿಯಾಗಿ ಬಿಡಲು ಸಿಸ್ಟಮ್ ಒಪ್ಪುವುದಿಲ್ಲ. ದೊಡ್ಡವರು ಯಾರಾದರೂ ಬೆಡ್ಡಿನ ಹತ್ತಿರ ಬಂದು ಸಹಿ ಮಾಡಿ ಕರೆದುಕೊಂಡು ಹೋಗಬೇಕು. ಆ ನಿಯಮವನ್ನು ದಾಟುವ ಕಳ್ಳದಾರಿಯನ್ನೂ ಮರಿಮೇಷ್ಟ್ರು ತೋರಿಸಿದ. ನಾನೇ ಬೇಡವೆಂದೆ. ನಾಳೆ ಬೆಳಿಗ್ಗೆ ಅದು ಮೊದಲಿನಿಂದ ಓದುತ್ತ ಬಂದು, ಕರೆದುಕೊಂಡು ಹೋದವರು ಯಾರು ಎಂದು ಕೇಳಿದರೆ ಅಲ್ಲೊಂದು ಉತ್ತರ ಇರಬೇಕು.

ಭೇಟಿಯ ವೇಳೆ ನಾಲ್ಕರಿಂದ ಆರು. ನೀನು ಹೋಗುತ್ತೀಯಾ?

ಅಮ್ಮ

&nbsp;

ಮಾರ್ಚ್ ೨೨

ಅಮ್ಮಾ,

ಹೋಗಿ ಬಂದೆ.

ದೊಡ್ಡ ನರ್ಸಮ್ಮ ತಮಾಷೆಯಾಗಿಯೇ ಶುರು ಮಾಡಿದರು. "ಅಂತೂ ಇಂತೂ ನಮ್ಮ ಹಾಲಿನ ಗಿರಾಕಿ ಹೊರಟ್ಲು" ಎಂದು ಸ್ಕ್ರೀನು ತಂದು ನನ್ನ ಮುಂದೆ ಹಿಡಿದರು. "ಸಂಬಂಧ ಏನು ಅಂತ ಕೇಳ್ತಿದೆ, ಏನು ಹಾಕ್ಲಿ?" ಎಂದರು. ನಾನು ಸ್ಲೇಟಿನಲ್ಲಿ "ಅಕ್ಕ" ಎಂದು ಬರೆದೆ. ಅವರ ನಗು ಅರ್ಧಕ್ಕೇ ನಿಂತಿತು. ಬೆರಳಿನಿಂದ ಸಹಿ ಮಾಡಿದೆ. ಅವರು ಹೊದಿಕೆ ಮಡಚಲು ಬಗ್ಗಿದವರು ದಿಂಬಿನ ಮೇಲೆ ಅಂಗೈ ಇಟ್ಟು ನನ್ನ ಕಡೆ ನೋಡಿದರು. "ಬೆಚ್ಚಗಿದೆ. ಬಿಸಿಲು ಬಿದ್ದಿತ್ತು ಅನ್ಸುತ್ತೆ" ಎಂದರು. ಅದು ಉತ್ತರದ ಕಿಟಕಿ, ಅಲ್ಲಿಗೆ ಬಿಸಿಲು ಬರುವುದಿಲ್ಲ.

ಏನೋ ತೋಚದೆ ಎಡಗೈಯನ್ನು ಸ್ವಲ್ಪ ಕೆಳಗೆ ಚಾಚಿ ಹಿಡಿದುಕೊಂಡು ನಡೆದೆ. ನಾಚಿಕೆಯೂ ಆಗುತ್ತಿತ್ತು. ಹತ್ತನೇ ಬೆಡ್ಡಿನ ಅಜ್ಜಿ ಇನ್ನೂ ಅಲ್ಲೇ ಇದ್ದರು. "ಬರಿಗಾಲಲ್ಲಿ ನಡೆಸ್ಕೊಂಡು ಹೋಗ್ತಿದೀಯಲ್ಲಮ್ಮ, ನೆಲ ತಣ್ಣಗಿದೆ" ಎಂದರು. ನನ್ನ ಕಾಲಲ್ಲಿ ಚಪ್ಪಲಿ ಇತ್ತು.

ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ನನಗೊಂದು ಪೂರ್ತಿ, ಒಂದು ಅರ್ಧ ಟಿಕೆಟು ಹರಿದುಕೊಟ್ಟ. ನಾನು ಒಂದೇ ಎಂದು ಬೆರಳು ತೋರಿಸಿದೆ. "ಮಗೂಗೆ ಅರ್ಧ ತಗೋಬೇಕು ಮೇಡಂ" ಎಂದು, ಚಿಲ್ಲರೆ ಹುಡುಕುತ್ತ, ತಲೆ ಎತ್ತದೆ ಹೇಳಿದ. ಕೊಟ್ಟುಬಿಟ್ಟೆ. ಬಸ್ಸು ತುಂಬಿತ್ತು, ಆದರೆ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಫೋನು ನೋಡಿದೆ. ಮೆಸೇಜು ಬಂದಿರಲಿಲ್ಲ.

ಬೊಗಸೆ

&nbsp;

ಏಪ್ರಿಲ್ ೫

ಅಮ್ಮಾ,

ಆಪರೇಷನ್ ಚೆನ್ನಾಗಿ ಆಯಿತು ಎಂದು ಚಿಕ್ಕಮ್ಮ ಫೋನಿನಲ್ಲೇ ಹೇಳಿದ್ದಾಳೆ. ಅವಳು ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಒಳಗೆ ಕರೆದೊಯ್ಯುವ ಮುಂಚೆ ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ನನ್ನ ಹೆಸರು, ವಯಸ್ಸು ಮೂವತ್ತು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಆ ಔಷಧಿಯ ಹೆಸರು, "ಕೊಡಕೂಡದು." ಅಂದು ಅತ್ತಿದ್ದ ಚಿಕ್ಕ ನರ್ಸೇ ಎರಡೆರಡು ಸಲ ಗಟ್ಟಿಯಾಗಿ ಓದಿದಳು. ಅದನ್ನು ಬರೆದವಳು ನೀನು ಎಂದುಕೊಂಡು ಕಣ್ಣು ಮುಚ್ಚಿದೆ. ಹೆದರಿಕೆಯಾಗಲಿಲ್ಲ.

ನಿನ್ನೆ ಡಾಕ್ಟರು ನಿಮ್ಮ ಹೆಸರು ಹೇಳಿ ಎಂದರು. ಹೇಳಿದೆ. ಸ್ವಲ್ಪ ಗೊಗ್ಗರು, ಆದರೆ ನನ್ನದೇ ದನಿ. ದಿನಕ್ಕೆ ನಾಲ್ಕೇ ಮಾತು ಆಡಬೇಕಂತೆ, ಅದಕ್ಕೇ ಇನ್ನೂ ಕಾಗದ.

ಅವಳೂ ಇಲ್ಲಿದ್ದಾಳಾ ಎಂದು ನೀನು ಕೇಳುತ್ತೀಯೆ. ಮನೆಯಲ್ಲಿ ಅಂಥದ್ದೇನೂ ಇಲ್ಲ, ಅಮ್ಮಾ. ನಾನೂ ಕಿವಿಗೊಟ್ಟು ಕೇಳಿದ್ದೇನೆ. ಇಷ್ಟು ಮಾತ್ರ. ನಿನ್ನೆ ಮಧ್ಯಾಹ್ನ ನಾನು ಮಲಗಿದ್ದಾಗ ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಯಾಕೆ, ಏನು ಬೇಕು? ಸೀಟಿ ಊದಿದೆಯಲ್ಲ" ಎಂದಳು. ನಾನು ಊದಿರಲಿಲ್ಲ. ಸೀಟಿ ಗೋಡೆಯ ಮೊಳೆಯಲ್ಲಿತ್ತು, ನನ್ನ ಭುಜದೆತ್ತರಕ್ಕೆ. ಈಗ ತೆಗೆದು ಕುರ್ಚಿಯ ಮೇಲಿಟ್ಟಿದ್ದೇನೆ.

ಸಂಜೆ ಆಸ್ಪತ್ರೆಯಿಂದ ಒಂದು ಮೆಸೇಜು ಬಂತು. "ಮನೆಗೆ ಬಂದ ಮೇಲೆ ನಿಮ್ಮ ಮಗು ಹೇಗಿದೆ? ಚೆನ್ನಾಗಿದ್ದರೆ ಒಂದು ಒತ್ತಿ. ಇಲ್ಲವಾದರೆ ಎರಡು ಒತ್ತಿ." ಇದೂ ಮೊದಲೇ ಬರೆದಿಟ್ಟದ್ದು, ತಾನಾಗಿ ಬರುವುದು, ನನಗೆ ಗೊತ್ತು. ಆದರೂ ಸುಮ್ಮನಿರಲಾಗಲಿಲ್ಲ. ಒಂದು ಒತ್ತಿದೆ.

ಬೊಗಸೆ

&nbsp;

ಏಪ್ರಿಲ್ ೧೧

ಬೊಗಸೆ,

ಟ್ರೇನಿಂಗು ಮುಗಿಯಲು ಇನ್ನೂ ದಿನಗಳಿದ್ದವು. ಸಾಕು ಹೋಗಿ ಎಂದು ಮರಿಮೇಷ್ಟ್ರೇ ಕಳಿಸುತ್ತಿದ್ದಾನೆ. ಕುರ್ಚಿ ಉಳಿಯಿತು. ಗೇಟಿನವರೆಗೆ ಬಂದು ತಂತಿ ಬುಟ್ಟಿಯಿಂದ ನನ್ನ ಫೋನು ತಾನೇ ಎತ್ತಿಕೊಟ್ಟ. "ಮುಂದಿನ ವರ್ಷ ಇದೂ ಹಳೇದಾಗುತ್ತೆ ಮೇಡಂ, ಮತ್ತೆ ಬರಬೇಕಾಗುತ್ತೆ" ಎಂದ. "ಬರ್ತೀನಪ್ಪಾ, ಬರಿಗಾಲಲ್ಲೇ ಬರ್ತೀನಿ" ಎಂದೆ.

ಹೊರಡುವ ಮುಂಚೆ ಕೊನೆಯ ಸಲ ಅವಳನ್ನು ಹುಡುಕಿ ನೋಡಿದೆ. ಸರಪಳಿಯ ಮೊದಲ ಕೊಂಡಿ ಹಾಗೇ ಇದೆ, ಜ್ವರದಿಂದ ದಾಖಲು. ಕೊನೆಯದು, ಅಕ್ಕ ಬಂದು ಮನೆಗೆ ಕರೆದುಕೊಂಡು ಹೋದಳು. ನೀನು ಒತ್ತಿದ ಒಂದು ಅದರ ಕೆಳಗಿದೆ. ವಯಸ್ಸಿನ ಜಾಗದಲ್ಲಿ ನಾಲ್ಕು ವರ್ಷ, ಮೇಲೆ ಕೆಲವು ದಿನಗಳು. ನಾನು ಎಂದೂ ನೋಡದ ಆ ದಿನಗಳನ್ನು ನೋಡುತ್ತ ನಿಂತಿದ್ದೆ.

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡೆ. ನಾಲ್ಕು ವರ್ಷದ ಆ ಪಾದ ಎಷ್ಟುದ್ದವೆಂದು ನನ್ನ ಅಂಗೈಗೆ ಇನ್ನೂ ನೆನಪಿದೆ, ತೋರಿಸಿದೆ. ಅಂಗಡಿಯವನು ಅದೇ ಅಳತೆಯದನ್ನು ತೆಗೆದುಕೊಟ್ಟ. ಕೈಯಲ್ಲಿ ಹಿಡಿದು ನೋಡಿ ಬೇಡವೆಂದು ಹಿಂದಿರುಗಿಸಿದೆ.

ಒಂದು ಅಳತೆ ದೊಡ್ಡದನ್ನೇ ತರುತ್ತಿದ್ದೇನೆ. ಈಗ ಅವಳು ಬೆಳೆಯುತ್ತಾಳೆ.

ನಿಮ್ಮಿಬ್ಬರ ಅಮ್ಮ